ನಗಾರಿ ತೆಗೆದುಹಾಕಿದ ಚಳಿಗಾಲ

ವರ್ಷದಲ್ಲಿ ಮೊದಲ ಸಲ ಕೋಣೆ ಬೆಚ್ಚಗಾಗಿಸುವ ರೇಡಿಯೇಟರ್ ಹಾಕಿದಾಗ, ಬೇಸಿಗೆಯುದ್ದಕ್ಕೂ ಅದರ ಮೇಲೆ ಕೂತಿದ್ದ ಧೂಳು ಸುಟ್ಟು ಒಂದು ವಾಸನೆ ಏಳುತ್ತದೆ. ಲಂಡನ್ನಿಗೆ ಚಳಿಗಾಲ ಬಂತೆಂದು ನನಗೆ ತಿಳಿಯುವುದು ಆ ವಾಸನೆಯಿಂದಲೇ. ಕಳೆದ ಭಾನುವಾರ ಇಲ್ಫರ್ಡ್‌ನ ಚರ್ಚ್ ಹಾಲಿನ ಬಾಗಿಲು ತಳ್ಳಿದೆ. ಒಳಗಿನಿಂದ ಅದೇ ಸುಟ್ಟ ಧೂಳು, ಜೊತೆಗೆ ನೆಲದ ಪಾಲಿಶಿನ ಘಾಟು, ಯಾರದೋ ಒದ್ದೆ ಉಣ್ಣೆಯ ಕೋಟು, ಯಾರದೋ ಫ್ಲಾಸ್ಕಿನ ಕಾಫಿ. ಹೊಸ್ತಿಲಲ್ಲೇ ನಿಂತುಬಿಟ್ಟೆ. ನಾವು ಗೆದ್ದ ಚಳಿಗಾಲದ ವಾಸನೆ ಅದು. ಗೆದ್ದೆವು ಎಂದು ಯಾವ ಸಂಕೋಚವೂ ಇಲ್ಲದೆ ಬರೆಯುತ್ತಿದ್ದೇನೆ. ದೂರದೇಶಕ್ಕೆ ಬಂದವರ ನೆನಪುಗಳು ಕಣ್ಣೀರಿನಲ್ಲಿ ನೆಂದೇ ಇರಬೇಕೆಂಬ ನಿರೀಕ್ಷೆ ನಮ್ಮ ಓದುಗರಲ್ಲೂ ಇದೆ, ನಮ್ಮನ್ನು ಇಲ್ಲಿ ವೇದಿಕೆಗೆ ಕರೆಯುವವರಲ್ಲೂ ಇದೆ. ಆ ನಿರೀಕ್ಷೆಯನ್ನು ಈಡೇರಿಸುವ ಜವಾಬ್ದಾರಿ ನನ್ನದಲ್ಲ.

ಆಗ ನಾನು ಧಾರವಾಡದಲ್ಲಿ ಎಂ.ಎ. ಮುಗಿಸಿ, ಲಂಡನ್ನಿನಲ್ಲಿ ರಂಗಭೂಮಿಯ ಅಧ್ಯಯನಕ್ಕೆಂದು ಇನ್ನೊಂದು ಪದವಿ ಪಡೆದು, ಇಲ್ಫರ್ಡ್‌ನಲ್ಲಿ ಲವೀನಾ ಬಾಯಿಯವರ ಮನೆಯ ಮೇಲಂತಸ್ತಿನ ಕೋಣೆಯೊಂದರಲ್ಲಿ ಬಾಡಿಗೆಗಿದ್ದೆ. ಕರಾವಳಿಯ ಕ್ರೈಸ್ತರಲ್ಲಿ ಹಿರಿಯ ಹೆಂಗಸರನ್ನು ಬಾಯಿ ಎಂದು ಕರೆಯುವುದು ರೂಢಿ. ಮಂಗಳೂರಿನಿಂದ ಬಂದ ಲವೀನಾ ಬಾಯಿ ವಾರವೆಲ್ಲ ಒಂದು ಜಿಪಿ ಸರ್ಜರಿಯ, ಅಂದರೆ ಬಡಾವಣೆಯ ದವಾಖಾನೆಯ, ರಿಸೆಪ್ಷನ್ನಿನಲ್ಲಿ ಕೂತು, 'ಡಾಕ್ಟರಿಗೆ ಇವತ್ತು ಪುರುಸೊತ್ತಿಲ್ಲ' ಎನ್ನುವುದನ್ನು ಎರಡು ಬಾಗಿಲಿನಾಚೆಗೂ ಕೇಳಿಸುವಂತೆ ಹೇಳುತ್ತಿದ್ದರು. ಭಾನುವಾರ ಅದೇ ಗಂಟಲಿನಲ್ಲಿ ಚರ್ಚಿನ ಗಾಯನವನ್ನು ಮುನ್ನಡೆಸುತ್ತಿದ್ದರು. ನನಗೆ ಸಿಕ್ಕ ಮೊದಲ ಕೆಲಸವೂ ಆ ಗಂಟಲಿಗೆ ಸಂಬಂಧಿಸಿದ್ದೇ. ಪೂರ್ವ ಲಂಡನ್ನಿನಲ್ಲಿ, ಹಳೆಯ ಗೋದಾಮೊಂದನ್ನು ಮಾರ್ಪಡಿಸಿ ಕಟ್ಟಿದ ರಂಗಮಂದಿರವೊಂದು ಹೊಸ ಒಪೆರಾ ಆಡಿಸಲು ಹೊರಟಿತ್ತು. ಆದಿಯಿಂದ ಅಂತ್ಯದವರೆಗೆ ಹಾಡಿನಲ್ಲೇ ನಡೆಯುವ ನಾಟಕ ಅದು. ಕಥೆ ಮಂಗಳೂರಿನ ಒಂದು ಹೆಂಚಿನ ಕಾರ್ಖಾನೆಯದು: ಜರ್ಮನಿಯಿಂದ ಬಂದ ಯಂತ್ರದ ಮೇಸ್ತ್ರಿಯೊಬ್ಬ, ಅವನ ಕೈಕೆಳಗೆ ಮಣ್ಣು ಹೊರುವ ಹೆಂಗಸರು. ಆ ಹೆಂಗಸರ ಮೇಳಕ್ಕೆ ಲಂಡನ್ನಿನ ಕನ್ನಡಿಗರನ್ನು, ಕೆಳಗಿನ ಧ್ವನಿಗೆ ಕೆಲವು ಗಂಡಸರೂ ಸೇರಿದಂತೆ, ಕೂಡಿಸಿ ಕೊಡುವುದು ನನ್ನ ಕೆಲಸವಾಗಿತ್ತು.

ಸಂಗೀತ ರಚಿಸುತ್ತಿದ್ದವರು ಗೆರ್ಡಾ. ಎಪ್ಪತ್ತು ದಾಟಿದ ಜರ್ಮನ್ ಹೆಂಗಸು. ಗಂಡನ ಮರಣದ ನಂತರವೂ ಊರಿಗೆ ಹಿಂದಿರುಗದೆ ಲಂಡನ್ನಿನ ಇನ್ನೊಂದು ತುದಿಯ ಕ್ವೀನ್ಸ್‌ಬರಿಯ ಒಂದು ಫ್ಲಾಟಿನಲ್ಲಿ ಉಳಿದವರು. ಬದುಕಿಡೀ ರಂಗಭೂಮಿಗೇ ಸಂಗೀತ ಬರೆದಿದ್ದರು. ಅದರಲ್ಲಿ ಹೆಚ್ಚಿನದು ಜರ್ಮನಿಯ ಸಣ್ಣಪುಟ್ಟ ಊರುಗಳಲ್ಲಿ ಆಡಿ ಮರೆತುಹೋಗಿತ್ತು. ಲಂಡನ್ನಿನ ರಂಗಮಂದಿರವೊಂದು ಅವರನ್ನು ಕರೆದದ್ದು ಅದೇ ಮೊದಲು. ಕರೆದದ್ದಕ್ಕೆ ಕಾರಣ ಗೋಡೆಯಾಚೆಯ ಮಂಜುನಾಥ್. ಬೆಂಗಳೂರಿನಿಂದ ಸಾಫ್ಟ್‌ವೇರ್ ಕೆಲಸಕ್ಕೆ ಬಂದು ನೆಲೆನಿಂತ ಮಂಜುನಾಥ್ ಬೆಳಿಗ್ಗೆ ತಾಳ ಹಾಕಿಕೊಂಡು ಹಾಡಿಕೊಳ್ಳುತ್ತಿದ್ದುದನ್ನು ಗೆರ್ಡಾ ಪಕ್ಕದ ಫ್ಲಾಟಿನಿಂದ ಕೇಳುತ್ತಿದ್ದರು. ಒಂದು ದಿನ ಬಂದು ಬಾಗಿಲು ತಟ್ಟಿ, "ನೀವು ಹಾಡುವಾಗ ಏನನ್ನೋ ಹೊಡೆಯುತ್ತೀರಿ. ಏನದು?" ಎಂದರಂತೆ. "ಸದ್ದು ಜಾಸ್ತಿ ಆಯ್ತೇನೋ, ಕೌನ್ಸಿಲ್‌ಗೆ ಕಂಪ್ಲೇಂಟ್ ಕೊಡ್ತಾರೇನೋ ಅಂತ ಹೆದರಿಬಿಟ್ಟೆ ಮಾರಾಯ್ರೆ," ಎಂದು ಮಂಜುನಾಥ್ ಆ ಕಥೆಯನ್ನು ಲವೀನಾ ಬಾಯಿಯವರ ಧಾಟಿಯಲ್ಲೇ ಹೇಳಿ ನಗಿಸುತ್ತಿದ್ದರು. ಆ ಪರಿಚಯದಲ್ಲಿ ಮಂಜುನಾಥರಿಂದ ಕೇಳಿದ ಹೆಂಚಿನ ಕಾರ್ಖಾನೆಯ ಕಥೆಯನ್ನೇ ಗೆರ್ಡಾ ರಂಗಮಂದಿರದವರ ಮುಂದಿಟ್ಟಿದ್ದರು.

ಅಕ್ಟೋಬರ್ ತಿಂಗಳಲ್ಲಿ, ಪೂಜೆ ಮುಗಿದ ಮೇಲಿನ ಭಾನುವಾರದ ಮಧ್ಯಾಹ್ನಗಳಲ್ಲಿ, ಈ ಹಾಲಿನಲ್ಲಿ ತಾಲೀಮು ಆರಂಭವಾಯಿತು. ಗೆರ್ಡಾ ಜುಬಿಲಿ ಲೈನಿನ ಮೆಟ್ರೋದಲ್ಲಿ ಉದ್ದಕ್ಕೂ ಕೂತು ಸ್ಟ್ರಾಟ್‌ಫರ್ಡ್‌ಗೆ ಬಂದು, ಅಲ್ಲಿಂದ ಎಲಿಜಬೆತ್ ಲೈನ್ ಹಿಡಿದು ಇಲ್ಫರ್ಡ್‌ನಲ್ಲಿ ಇಳಿಯುತ್ತಿದ್ದರು. ಮೊದಲ ದಿನ ನಾವೆಲ್ಲ ಗಂಟಲು ಸರಿಮಾಡಿಕೊಂಡು ನಿಂತರೆ ಅವರು ಹೇಳಿದ್ದು ಒಂದೇ ಮಾತು: "ಹಾಡುವುದು ಆಮೇಲೆ. ಮೊದಲು ನಡೆಯಿರಿ."

"ಇದೆಂತ ಮಾರಾಯ್ತಿ," ಎಂದರು ಲವೀನಾ ಬಾಯಿ ನನ್ನ ಕಿವಿಯಲ್ಲಿ. "ಹಾಡ್ಲಿಕ್ಕೆ ಕರ್ದು ಪರೇಡ್ ಮಾಡಿಸುವುದಾ?"

ಗೆರ್ಡಾ ಕಪಾಟಿನಿಂದ ದಪ್ಪ ಕೀರ್ತನೆ ಪುಸ್ತಕಗಳನ್ನು ತೆಗೆದು ಒಬ್ಬೊಬ್ಬರ ತಲೆಯ ಮೇಲೂ ಇಟ್ಟರು. ಹಾಲಿನ ಈ ತುದಿಯಿಂದ ಆ ತುದಿಗೆ ನಡೆಸಿದರು. ತಾವು ನೆಲದ ಮೇಲೆ ಕೂತು ನಮ್ಮ ಮುಖದತ್ತ ಕಣ್ಣೆತ್ತಿಯೂ ನೋಡದೆ ಕಾಲುಗಳನ್ನೇ ನೋಡಿದರು. ಆಮೇಲೆ ಲವೀನಾ ಬಾಯಿಯತ್ತ ತಿರುಗಿ, "ನಿಮ್ಮ ಹೆಜ್ಜೆಯೇ ಮೂರನೆಯ ಅಂಕದ ವೇಗ," ಎಂದರು.

ಈ ವಿಚಿತ್ರ ರೀತಿಯ ಮೂಲ ನನಗೆ ತಿಳಿದದ್ದು ಚಹಾದ ಬಿಡುವಿನಲ್ಲಿ. ಗೆರ್ಡಾರ ತಾಯಿ ಒಂದು ನದಿದಂಡೆಯ ಊರಿನ ರಂಗಮಂದಿರದಲ್ಲಿ ಪ್ರಾಂಪ್ಟರ್ ಆಗಿದ್ದರು. ರಂಗದ ಅಂಚಿನಲ್ಲಿ ಅರ್ಧ ಹೂತಿಟ್ಟಂತಿದ್ದ ಮರದ ಗೂಡಿನೊಳಗೆ ಕೂತು, ಮರೆತ ಹಾಡುಗಾರರಿಗೆ ಸಾಲು ಎತ್ತಿಕೊಡುವ ಕೆಲಸ. ಮನೆಯಲ್ಲಿ ಬಿಟ್ಟುಬರಲು ಯಾರೂ ಇಲ್ಲದ್ದರಿಂದ ಮಗಳನ್ನೂ ಗೂಡಿನೊಳಗೆ ಕೂರಿಸಿಕೊಳ್ಳುತ್ತಿದ್ದರು. "ಅಲ್ಲಿಂದ ನನಗೆ ಕಾಣುತ್ತಿದ್ದದ್ದು ಮೊಣಕಾಲಿನ ಕೆಳಗಿನ ರಂಗಭೂಮಿ," ಎಂದರು ಗೆರ್ಡಾ. "ರಾಜ, ರಾಣಿ, ಕೊಲೆಗಾರ ಎಲ್ಲರೂ ಬರಿಯ ಪಾದಗಳು. ಮುಖ ಸುಳ್ಳು ಹೇಳಬಲ್ಲದು, ಧ್ವನಿಯನ್ನು ಪಳಗಿಸಬಹುದು. ಹೆದರಿದವರ ಪಾದ ಮಾತ್ರ ಹೆದರಿಯೇ ಇರುತ್ತದೆ. ನಾನು ಸಂಗೀತ ಕಲಿಯುವ ಮೊದಲು ಅದನ್ನು ಕಲಿತೆ."

ಅವರ ಎದುರಿಗೂ ನಾನು ಬಾಯಿ ಮುಚ್ಚಿಕೊಂಡಿರಲಿಲ್ಲ. ಮೊದಲ ಕರಡಿನಲ್ಲಿ ಮೇಸ್ತ್ರಿಗೆ ಉದ್ದುದ್ದ ಹಾಡುಗಳಿದ್ದವು. ಹೆಂಗಸರ ಮೇಳಕ್ಕೆ ಇದ್ದದ್ದು 'ಆ' ಎಂಬ ಆಲಾಪ ಮಾತ್ರ. ನಾನು ಎದ್ದು ನಿಂತು ಕೇಳಿದೆ: "ಕಾರ್ಖಾನೆ ನಡೆಸಿದವನಿಗೆ ಭಾಷೆಯಿದೆ, ಮಣ್ಣು ಹೊತ್ತವರಿಗೆ ಬರಿಯ ಸ್ವರವಿದೆ. ಇದನ್ನು ಹೀಗೆ ಹಂಚಿದವರು ಯಾರು?" ಮಂಜುನಾಥ್ ನನ್ನ ತೋಳು ಜಗ್ಗಿದರು. ಗೆರ್ಡಾ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ಹೇಳಿದರು: "ನಾನು. ಅವರ ಮಾತು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಆಲಾಪದಿಂದ ಮುಚ್ಚಿದೆ. ಮಾತು ತಂದುಕೊಡಿ, ಬದಲಿಸುತ್ತೇನೆ." ಆ ದಿನದವರೆಗೆ ಅಧಿಕಾರದಲ್ಲಿರುವ ಯಾರ ಬಾಯಿಂದಲೂ ಅಷ್ಟು ಚಿಕ್ಕದಾದ, ಅಷ್ಟು ಪೂರ್ಣವಾದ ಉತ್ತರವನ್ನು ನಾನು ಕೇಳಿರಲಿಲ್ಲ.

ಮಾತು ತಂದುಕೊಟ್ಟವರು ಲವೀನಾ ಬಾಯಿ. ಅವರ ಅಜ್ಜಿ ಮಂಗಳೂರಿನಲ್ಲಿ ಅಂಥದ್ದೇ ಕಾರ್ಖಾನೆಗೆ ಮಣ್ಣು ಹೊತ್ತವರು. ಸೂರು ಹೊದಿಸುವಾಗ ಜನ ಸಾಲಾಗಿ ನಿಂತು ಹೆಂಚನ್ನು ಕೈಯಿಂದ ಕೈಗೆ ದಾಟಿಸುತ್ತಾ ಒಂದೊಂದು ಮಾತು ಕೂಗುತ್ತಿದ್ದುದನ್ನು ಲವೀನಾ ಬಾಯಿ ತಮ್ಮ ಬಾಲ್ಯದಲ್ಲಿ ಕಂಡಿದ್ದರು. ಮಣ್ಣು, ನೀರು, ಅಚ್ಚು, ಬಿಸಿಲು, ಬೆಂಕಿ, ಹೆಂಚು. ಅಷ್ಟೇ ಪದಗಳು. ಗೆರ್ಡಾ ಅವನ್ನು ಬಾಯಿಯಲ್ಲಿ ಹೊರಳಿಸಿ, ನಾಲಿಗೆಗೆ ಒಗ್ಗಿಸಿಕೊಂಡು, ಅವುಗಳ ಮೇಲೆಯೇ ಮೂರನೆಯ ಅಂಕವನ್ನು ಕಟ್ಟಿದರು.

ಆದರೆ ಮೇಳ ಅಷ್ಟು ಸುಲಭವಾಗಿ ಒಂದಾಗಲಿಲ್ಲ. ಕರಾವಳಿಯ ಕ್ರೈಸ್ತರು ಚಿಕ್ಕಂದಿನಿಂದ ನಾಲ್ಕು ಧ್ವನಿಗಳಲ್ಲಿ ಹಾಡಿದವರು: ಒಬ್ಬರು ಮೇಲೆ, ಒಬ್ಬರು ಕೆಳಗೆ, ನಡುವೆ ಇಬ್ಬರು. ಬೆಂಗಳೂರು ಮೈಸೂರಿನವರು ಎಲ್ಲರೂ ಒಂದೇ ದಾರಿಯಲ್ಲಿ ಹಾಡಿ, ತೊಡೆಯ ಮೇಲೆ ತಾಳ ಹಾಕುವವರು.

"ಆಂಟಿ, ಒಬ್ಬೊಬ್ರು ಒಂದೊಂದು ಹಾಡ್ತಾ ಇದ್ದೀರಲ್ಲ, ಇದು ಹಾಡಾ ಜಗಳಾನಾ?" ಎಂದರು ಮಂಜುನಾಥ್.

"ಜಗಳ ಅಲ್ಲ, ಸಂಸಾರ," ಎಂದರು ಲವೀನಾ ಬಾಯಿ. "ನಿಮ್ಮದೆಂತ ಮತ್ತೆ? ತೊಡೆ ಎಂತ ಚಪಾತಿ ಹಿಟ್ಟಾ, ಹಾಗೆ ಬಡಿಯುವುದು?"

ನವೆಂಬರಿನ ಹೊತ್ತಿಗೆ ಎಲ್ಲ ತಿರುವುಮುರುವಾಯಿತು. ಮಂಜುನಾಥ್ ಕೆಳಗಿನ ಧ್ವನಿಯನ್ನು ಕಣ್ಣು ಮುಚ್ಚಿ ಹಾಡತೊಡಗಿದರು. ಲವೀನಾ ಬಾಯಿ ಎಲ್ಲರಿಗಿಂತ ಜೋರಾಗಿ ತೊಡೆ ತಟ್ಟತೊಡಗಿದರು. ಗೆರ್ಡಾ ಕೂಡ ಕಲಿಯಲು ಕೂತರು. ಆದಿತಾಳ: ಒಂದು ತಟ್ಟು, ಆಮೇಲೆ ಕಿರುಬೆರಳು, ಉಂಗುರಬೆರಳು, ನಡುಬೆರಳು, ಮತ್ತೆ ತಟ್ಟು, ಅಂಗೈ ಮಗುಚುವ ಬೀಸು, ತಟ್ಟು, ಬೀಸು. ಗೆರ್ಡಾ ಪ್ರತಿ ಸಲವೂ ಹೆಬ್ಬೆರಳಿನಿಂದ ಆರಂಭಿಸುತ್ತಿದ್ದರು, ಜರ್ಮನ್ನರ ಎಣಿಕೆ ಶುರುವಾಗುವುದೇ ಅಲ್ಲಿಂದ. ಲವೀನಾ ಬಾಯಿ ಅವರ ಕೈ ಹಿಡಿದು, "ಗೆರ್ಡಾ ಬಾಯಿ, ಹೆಬ್ಬೆಟ್ಟು ಬೇಡ, ಅದು ಬ್ಯಾಂಕಿಗೆ. ಕಿರುಬೆರಳು, ಕಿರುಬೆರಳು," ಎಂದು ತಿದ್ದುತ್ತಿದ್ದರು. ಗೆರ್ಡಾ ಬಹಳ ಹೊತ್ತು ನಮ್ಮ ಕೈಗಳನ್ನೇ ನೋಡಿ ಕೊನೆಗೆ ಹೇಳಿದರು: "ಕಿವಿಗೆ ಕೇಳುವುದು ಮೂರು ಪೆಟ್ಟು ಮಾತ್ರ. ಉಳಿದ ಐದು ಮೌನ. ಆದರೆ ಆ ಮೌನ ಬೆರಳಿನ ಮೇಲೆ ಕಣ್ಣಿಗೆ ಕಾಣುತ್ತದೆ!" ಅದನ್ನು ಅವರು ಹೇಳಿದ ರೀತಿ ನನಗೆ ನೆನಪಿದೆ, ಯಾರೋ ಉಡುಗೊರೆ ಕೊಟ್ಟ ಹಾಗೆ.

ಅದೇ ಬೆರಳುಗಳು ನಮ್ಮ ಅಪರಾಧವಾದವು. ಡಿಸೆಂಬರ್ ಸಮೀಪಿಸಿದಾಗ ರಂಗಮಂದಿರದ ಮುಖ್ಯಸ್ಥ ಅಲಿಸ್ಟರ್ ಮತ್ತು ವಾದ್ಯವೃಂದವನ್ನು ಕೋಲು ಬೀಸಿ ನಡೆಸುವ ಕಂಡಕ್ಟರ್ ರೂಪರ್ಟ್ ತಾಲೀಮು ನೋಡಲು ಹಾಲಿಗೆ ಬಂದರು. ರೂಪರ್ಟ್ ಕೋಲು ಎತ್ತಿ ನಿಂತ. ಮೇಳದಲ್ಲಿ ಒಬ್ಬರೂ ಅವನತ್ತ ನೋಡಲಿಲ್ಲ. ಎಲ್ಲರ ಕಣ್ಣೂ ತಂತಮ್ಮ ಅಂಗೈಯ ಮೇಲೆ. ಚರ್ಚಿನಲ್ಲಿ ಹಾಡಿಸುವವರ ಮೇಲಿಂದ ಕಣ್ಣು ತೆಗೆಯದೆ ಹಾಡುತ್ತಿದ್ದ ಕರಾವಳಿಯವರು ಕೂಡ ಹೊಸದಾಗಿ ಕಲಿತ ತಾಳದ ಉತ್ಸಾಹದಲ್ಲಿ ತಲೆ ಎತ್ತಲೇ ಇಲ್ಲ. ರೂಪರ್ಟ್ ಸ್ವಲ್ಪ ಹೊತ್ತು ಗಾಳಿಯಲ್ಲಿ ಕೈ ಬೀಸಿ, ತನ್ನನ್ನು ಯಾರೂ ಗಮನಿಸುತ್ತಿಲ್ಲವೆಂದು ಖಚಿತವಾದ ಮೇಲೆ ಕೋಲು ಇಳಿಸಿ ನಕ್ಕ. ಅಲಿಸ್ಟರ್ ನಗಲಿಲ್ಲ.

ಮುಂದಿನ ವಾರ ರಂಗಮಂದಿರದಲ್ಲಿ ಗೆರ್ಡಾ, ಲವೀನಾ ಬಾಯಿ, ಮಂಜುನಾಥ್ ಮತ್ತು ನನ್ನನ್ನು ಕರೆದ ಸಭೆಯಲ್ಲಿ ಅಲಿಸ್ಟರ್ ತುಂಬಾ ಸೌಜನ್ಯದಿಂದ ಮಾತಾಡಿದರು. ಸಮುದಾಯದ ಕೊಡುಗೆ ಅಮೂಲ್ಯವೆಂದರು. ಮೇಳ ಪಕ್ಕದ ಬಾಲ್ಕನಿಯಲ್ಲಿ, ತೆಳು ಪರದೆಯ ಹಿಂದೆ ನಿಂತು ಹಾಡುವುದೆಂದೂ, ರಂಗದ ಮೇಲೆ ಹೆಂಚು ಹೊರುವ ಹೆಂಗಸರಾಗಿ ವೃತ್ತಿಪರ ನರ್ತಕಿಯರು ಚಲಿಸುವರೆಂದೂ ತಿಳಿಸಿದರು. "ಹಾಗೆ ಮಾಡುವುದು ಸೂಕ್ತವೆಂದು ತೀರ್ಮಾನಿಸಲಾಗಿದೆ."

"ತೀರ್ಮಾನಿಸಿದವರು ಯಾರು?" ಎಂದೆ.

"ತಂಡ."

"ನಾನೂ ತಂಡದಲ್ಲಿದ್ದೇನೆ. ನನ್ನನ್ನು ಯಾರೂ ಕೇಳಲಿಲ್ಲ. ಗೆರ್ಡಾರನ್ನು ಕೇಳಿದಿರಾ? ರೂಪರ್ಟ್, ನೀವು ತೀರ್ಮಾನಿಸಿದಿರಾ?"

ರೂಪರ್ಟ್ ಕಿಟಕಿಯಾಚೆ ನೋಡಿದ. ಅಲಿಸ್ಟರ್ ಮುಗುಳ್ನಕ್ಕು, ಇಂಥ ವಿಷಯಗಳಲ್ಲಿ ಒಬ್ಬ ವ್ಯಕ್ತಿ ಅಂತ ಇರುವುದಿಲ್ಲ ಎಂದರು. ಈ ವಾಕ್ಯವನ್ನು ನಾನು ಧಾರವಾಡದ ಕಚೇರಿಗಳಲ್ಲೂ ಕೇಳಿದ್ದೆ, ವಿಶ್ವವಿದ್ಯಾಲಯದ ಕಾರಿಡಾರುಗಳಲ್ಲೂ ಕೇಳಿದ್ದೆ. ಅನ್ಯಾಯಕ್ಕೆ ಒಳಗಾದವರಿಗೆ ಯಾವಾಗಲೂ ಹೆಸರಿರುತ್ತದೆ, ವಿಳಾಸವಿರುತ್ತದೆ, ತೋರಿಸಬಹುದಾದ ಮುಖವಿರುತ್ತದೆ. ಮಾಡಿದವರು ಮಾತ್ರ ಮಂಜಿನ ಹಾಗೆ, ಎಲ್ಲೆಡೆ ಇದ್ದೂ ಎಲ್ಲೂ ಇರುವುದಿಲ್ಲ. ಧ್ವನಿ ಬೇಕು, ಮುಖ ಬೇಡ. ಇದು ಕಲೆಯ ಪ್ರಶ್ನೆಯಲ್ಲ, ಜವಾಬ್ದಾರಿಯ ಪ್ರಶ್ನೆ ಎಂದು ಇಷ್ಟೇ ಸ್ಪಷ್ಟವಾಗಿ ಆ ಮೇಜಿನ ಮುಂದೆ ಹೇಳಿದೆ. ಮಂಜುನಾಥ್ ಪಿಸುಗುಟ್ಟಿದರು: "ವಸುಧಾ, ಸಾಕು ಬಿಡು. ನಿನ್ನ ಕಾಂಟ್ರಾಕ್ಟ್ ಹೋಗತ್ತೆ ಅಷ್ಟೆ."

ಆಗ ಲವೀನಾ ಬಾಯಿ ಎದ್ದರು. ಅವರು ಕೂಗಲಿಲ್ಲ. ಸರ್ಜರಿಯ ಗಂಟಲನ್ನು ಆ ದಿನ ಮನೆಯಲ್ಲೇ ಬಿಟ್ಟು ಬಂದವರಂತೆ ಮೆಲ್ಲಗೆ ಇಂಗ್ಲಿಷಿನಲ್ಲಿ ಹೇಳಿದರು: "ನನ್ನ ಅಜ್ಜಿ ಆ ಮಣ್ಣು ಹೊತ್ತವಳು. ಅವಳ ಫೋಟೋ ಕೂಡ ಯಾರೂ ತೆಗೆಯಲಿಲ್ಲ. ಈಗ ಅವಳ ಪಾತ್ರ ಮಾಡಲಿಕ್ಕೆ ಬಂದ ನನ್ನನ್ನೂ ಪರದೆಯ ಹಿಂದೆ ನಿಲ್ಲಿಸುತ್ತೀರಾ?"

ಅಲಿಸ್ಟರ್ ಸಭೆಯ ಮುಂದಿನ ವಿಷಯಕ್ಕೆ ಹಾಳೆ ತಿರುಗಿಸಿದರು. ಗೆರ್ಡಾ ಒಂದು ಮಾತೂ ಆಡಲಿಲ್ಲ. ಅವರ ಮೌನ ನನ್ನನ್ನು ಎಲ್ಲಕ್ಕಿಂತ ಹೆಚ್ಚಾಗಿ ಕೆರಳಿಸಿತು. ಹಿಂದಿರುಗುವ ರೈಲಿನಲ್ಲಿ ಅವರ ಎದುರಿಗೇ ಕೂತು, ಧಾರವಾಡದ ಸಿಟ್ಟನ್ನೆಲ್ಲ ಇಂಗ್ಲಿಷಿಗೆ ತಂದು ಕೇಳಿದೆ: "ನೀವು ಯಾಕೆ ಸುಮ್ಮನೆ ಕೂತಿರಿ? ನಿಮ್ಮ ಒಪೆರಾ ಅಲ್ಲವೇ?"

ಕಿಟಕಿಯ ಹೊರಗೆ ಮಳೆಯೂ ಅಲ್ಲದ ಹಿಮವೂ ಅಲ್ಲದ ಏನೋ ಬೀಳುತ್ತಿತ್ತು. ಗೆರ್ಡಾ ತಮ್ಮ ಮೊದಲ ಕೃತಿಯ ಕಥೆ ಹೇಳಿದರು. ಅದು ಬಟ್ಟೆ ಒಗೆಯುವ ಹೆಂಗಸರನ್ನು ಕುರಿತ ಒಂದಂಕದ ಸಂಗೀತ ನಾಟಕ. ತಮ್ಮದೇ ಊರಿನ ರಂಗಮಂದಿರದಲ್ಲಿ, ಹಾಡುಗಾರರಿಗೆ ಪಿಯಾನೋ ನುಡಿಸಿ ಪಾಠ ಮಾಡಿಸುವ ಕೆಲಸದಲ್ಲಿದ್ದಾಗ ಬರೆದದ್ದು. ಪ್ರದರ್ಶನದ ದಿನ ಪೋಸ್ಟರಿನಲ್ಲಿ ಹಿರಿಯ ಸಂಗೀತ ನಿರ್ದೇಶಕನ ಹೆಸರಿತ್ತು, ಅವರದಿರಲಿಲ್ಲ. "ಹಾಗೆ ಆಗಿಹೋಯಿತು ಎಂದರು. ಯಾರು ಹಾಗೆ ಮಾಡಿದರು ಎಂದು ನಾನು ಕೇಳಲಿಲ್ಲ. ನಾನು ಗೂಡಿನಲ್ಲಿ ಬೆಳೆದವಳು. ಬೇರೆಯವರಿಗೆ ಮಾತು ಎತ್ತಿಕೊಟ್ಟು ಕಾಣದಂತೆ ಇರುವುದೇ ಸಭ್ಯತೆ ಎಂದುಕೊಂಡಿದ್ದೆ." ಆಮೇಲೆ ನನ್ನತ್ತ ಬಾಗಿ, "ಇವತ್ತು ನೀನು ಸರಿಯಾದ ಪ್ರಶ್ನೆ ಕೇಳಿದೆ. ಆದರೆ ಅವರ ಹತ್ತಿರ ಮಾತು ಬೇಕಾದಷ್ಟಿದೆ, ವಸುಧಾ. ಮಾತಿನಿಂದ ಉತ್ತರ ಕೊಡಲಾಗದ ಜಾಗದಲ್ಲಿ ಅದೇ ಪ್ರಶ್ನೆಯನ್ನು ನಾನು ಕೇಳುತ್ತೇನೆ," ಎಂದರು. ಸ್ಟ್ರಾಟ್‌ಫರ್ಡ್‌ನಲ್ಲಿ ನಾನು ಇಲ್ಫರ್ಡ್‌ನ ರೈಲು ಹಿಡಿಯಲು ಇಳಿದೆ; ಅವರು ಜುಬಿಲಿ ಲೈನಿನತ್ತ ನಡೆದರು. ಅವರ ಪಾದಗಳನ್ನು ನೋಡಿದೆ. ಹೆದರಿದವರ ಪಾದಗಳಲ್ಲ ಅವು.

ಕೆಲವು ದಿನ ಅವರ ಸುದ್ದಿಯೇ ಇರಲಿಲ್ಲ. "ಫ್ಲಾಟಿನಿಂದ ಪಿಯಾನೋ ಕೇಳಿಸ್ತಾನೇ ಇದೆ, ಊಟ ಮಾಡ್ತಾರೋ ಇಲ್ವೋ," ಎಂದು ಮಂಜುನಾಥ್ ಫೋನಿನಲ್ಲಿ ಹೇಳಿದರು. ಚಿತ್ರಾನ್ನದ ಡಬ್ಬಿ ಕೊಡಲು ಹೋದಾಗ ಗೆರ್ಡಾ ಬಾಗಿಲಲ್ಲೇ ತಡೆದು, "ಉಂಗುರಬೆರಳು ಮೂರನೆಯ ಎಣಿಕೆಯೋ ನಾಲ್ಕನೆಯದೋ?" ಎಂದು ಕೇಳಿ, ಮೂರನೆಯದು ಎಂದು ಗೊತ್ತಾದ ಮೇಲೆ ಡಬ್ಬಿ ತೆಗೆದುಕೊಂಡು ಬಾಗಿಲು ಹಾಕಿಕೊಂಡರಂತೆ.

ರಂಗದ ಮೇಲಿನ ಮೊದಲ ಪೂರ್ಣ ತಾಲೀಮಿನ ದಿನ ಬಂತು. ವಾದ್ಯಗಾರರು ರಂಗದ ಮುಂದಿನ ತಗ್ಗಿನಲ್ಲಿ ಕೂತರು. ಮೇಳವನ್ನು ಬಾಲ್ಕನಿಗೆ ಹತ್ತಿಸಿ ಪರದೆ ಎಳೆಯಲಾಯಿತು. ಮೊದಲೆರಡು ಅಂಕ ಸುಗಮವಾಗಿ ಸಾಗಿದವು. ಮೂರನೆಯ ಅಂಕಕ್ಕೆ ಗೆರ್ಡಾ ತಾವೇ ಪ್ರತಿ ವಾದ್ಯಗಾರನ ಮುಂದೆ ಹೋಗಿ ಹೊಸ ಸ್ವರಲಿಪಿಯ ಹಾಳೆಗಳನ್ನಿಟ್ಟರು. ಅಲ್ಲಿಯವರೆಗೆ ಆ ಅಂಕದಲ್ಲಿ ಪ್ರತಿ ಎಣಿಕೆಗೂ ಬಾರಿಸುತ್ತಿದ್ದ ದೊಡ್ಡ ನಗಾರಿಯ ವಾದಕ ತನ್ನ ಹಾಳೆ ನೋಡಿದ. ಅದರಲ್ಲಿ ಆರಂಭದಿಂದ ಕೊನೆಯವರೆಗೆ ಒಂದೇ ಸೂಚನೆ: ಸುಮ್ಮನಿರು. ಆತ ಹಾಳೆಯನ್ನು ತಿರುಗಿಸಿ ಹಿಂಬದಿಯಲ್ಲೂ ಏನೂ ಇಲ್ಲವೆಂದು ಖಚಿತಪಡಿಸಿಕೊಂಡು, ಬಹಳ ಸಂತೋಷದಿಂದ ಚಹಾದ ಫ್ಲಾಸ್ಕ್ ಬಿಚ್ಚಿದ.

ರೂಪರ್ಟ್ ಕೋಲು ಎತ್ತಿದ. ಪರದೆಯ ಹಿಂದಿನಿಂದ ತೊಡೆಯ ಪೆಟ್ಟು ಮಂದವಾಗಿ ಕೇಳಿತು. ಅದರ ಬೆನ್ನಿಗೆ ಪಿಟೀಲುಗಳು ಒಂದೆಡೆ, ಕೊಳಲುಗಳು ಇನ್ನೊಂದೆಡೆ, ಕಹಳೆಗಳು ಮತ್ತೆಲ್ಲೋ ಬಿದ್ದು ಸಂತೆಯಂತಾಯಿತು. ನಿಲ್ಲಿಸಿ ಮತ್ತೆ ಹಿಡಿದರು, ಮತ್ತೆ ಕುಸಿಯಿತು. ರೂಪರ್ಟ್ ಹಾಳೆಯ ಮೇಲೆ ಬಗ್ಗಿ ಗಟ್ಟಿಯಾಗಿ ಓದಿದ: "ಪಿಟೀಲು ಉಂಗುರಬೆರಳಿಗೆ. ಕೊಳಲು ಮೊದಲ ಬೀಸಿಗೆ. ವೇಗ: ಹೆಂಗಸರು ಹೊತ್ತ ಭಾರ ನೋಡಿ." ತಲೆಯೆತ್ತಿ, "ಗೆರ್ಡಾ, ಇಲ್ಲಿ ವೇಗವನ್ನೇ ಬರೆದಿಲ್ಲ," ಎಂದ.

"ಬರೆದಿದ್ದೇನೆ," ಎಂದರು ಗೆರ್ಡಾ. "ಅವರ ಕೈಯ ಮೇಲೆ."

"ಆದರೆ ನನಗೆ ಅವರ ಬೆರಳು ಕಾಣಿಸುತ್ತಿಲ್ಲ."

"ಹೌದು. ಅವರನ್ನು ಕಾಣದ ಜಾಗದಲ್ಲಿ ನಿಲ್ಲಿಸಿದವರು ಯಾರು ಎಂದು ವಸುಧಾ ಕೇಳಿದ್ದಳು. ನಾನೂ ಕೇಳುತ್ತಿದ್ದೇನೆ."

ಅಲಿಸ್ಟರ್ ಕತ್ತಲಿನ ಸಾಲುಗಳ ನಡುವಿನಿಂದ ಎದ್ದು ಬಂದು, ನಗಾರಿ ಇದ್ದ ಹಳೆಯ ಹಾಳೆಗಳನ್ನೇ ಬಳಸಿ ಎಂದರು. ಕೊನೆಯ ತಾಲೀಮಿನವರೆಗೆ ಸ್ವರಲಿಪಿ ಬದಲಿಸುವ ಹಕ್ಕು ತಮಗಿದೆಯೆಂದು ಗೆರ್ಡಾ ಶಾಂತವಾಗಿ ನೆನಪಿಸಿದರು. ಆ ಕ್ಷಣ ಎಲ್ಲವೂ ರೂಪರ್ಟನ ಕೈಯಲ್ಲಿತ್ತು. ಅವನು ಹಟ ಹಿಡಿದು ಕೋಲಿನಿಂದಲೇ ಎಲ್ಲರನ್ನೂ ಎಳೆದೊಯ್ಯುತ್ತೇನೆಂದಿದ್ದರೆ ನಾವು ಪರದೆಯ ಹಿಂದೆಯೇ ಉಳಿಯುತ್ತಿದ್ದೆವು. ಅವನು ಬಾಲ್ಕನಿಯತ್ತ ತಿರುಗಿ, "ದಯವಿಟ್ಟು ಕೆಳಗೆ ಬನ್ನಿ," ಎಂದ.

ಇಳಿದು ಬಂದರು. ಚಳಿಗೆ ಹಾಕಿಕೊಂಡಿದ್ದ ಕೋಟು, ಮಫ್ಲರು, ಸೀರೆಯ ಕೆಳಗೆ ಇಣುಕುವ ಟ್ರೇನರ್ ಶೂಗಳೊಂದಿಗೆ ಬಂದು ಸಾಲಾಗಿ ರಂಗದ ಮೇಲೆ ನಿಂತರು. ನರ್ತಕಿಯರು ತಾವಾಗಿಯೇ ಅಂಚಿಗೆ ಸರಿದು ಜಾಗ ಬಿಟ್ಟರು. ರೂಪರ್ಟ್ ಕೋಲನ್ನು ಸ್ವರಲಿಪಿಯ ಮೇಲಿಟ್ಟು ಎರಡೂ ಕೈ ಇಳಿಬಿಟ್ಟ. ಅವನ ಕಣ್ಣು ಲವೀನಾ ಬಾಯಿಯ ಬಲಗೈಯ ಮೇಲೆ.

ತಟ್ಟು. ಕಿರುಬೆರಳು. ಉಂಗುರಬೆರಳು, ಪಿಟೀಲುಗಳು ಒಂದೇ ಉಸಿರಿನಲ್ಲಿ ಒಳಬಂದವು. 'ಮಣ್ಣು,' ಎಂದಿತು ಮೇಳ ನಾಲ್ಕು ಧ್ವನಿಗಳಲ್ಲಿ. ತಟ್ಟು, ಬೀಸು, ಕೊಳಲು ಎದ್ದಿತು. 'ನೀರು.' ಕೈಯಿಂದ ಕೈಗೆ ದಾಟುವ ಹೆಂಚಿನಂತೆ ಮಾತು ಸಾಲಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಯಿತು. ಭಾರ ಹೆಚ್ಚಿದಾಗ ಲವೀನಾ ಬಾಯಿಯ ಕೈ ನಿಧಾನವಾಯಿತು, ಇಡೀ ವಾದ್ಯವೃಂದ ನಿಧಾನವಾಯಿತು. 'ಬೆಂಕಿ' ಎಂದಾಗ ಕೈ ಚುರುಕಾಯಿತು, ಕಹಳೆಗಳು ಅದರ ಹಿಂದೆ ಓಡಿಬಂದವು. ನಗಾರಿ ಇಲ್ಲದ ಆ ಜಾಗದಲ್ಲಿ ಅಷ್ಟೂ ತೊಡೆಗಳ ಮೇಲೆ ಒಟ್ಟಿಗೆ ಬೀಳುವ ಪೆಟ್ಟು ಹಲಗೆಯ ಮೂಲಕ ಇಳಿದು, ರಂಗದ ಪಕ್ಕದಲ್ಲಿ ನಿಂತಿದ್ದ ನನ್ನ ಅಂಗಾಲಿಗೆ ಬಂದು ತಾಗಿತು. ದೀಪ ಸರಿಪಡಿಸುತ್ತಿದ್ದವರು ಏಣಿಯ ಮೇಲೆಯೇ ನಿಂತರು. ನಗಾರಿಯವನು ಚಹಾ ಮರೆತ.

ಮುಗಿದಾಗ ವಾದ್ಯಗಾರರು ಪಾದಗಳನ್ನು ನೆಲಕ್ಕೆ ಬಡಿದರು. ಅವರ ಲೋಕದಲ್ಲಿ ಅದೇ ಚಪ್ಪಾಳೆ. ನಾನು ಅಲಿಸ್ಟರ್ ಹತ್ತಿರ ಹೋದೆ. ಧ್ವನಿ ಏರಿಸಲಿಲ್ಲ, ಪ್ರಶ್ನೆಯನ್ನೂ ಬದಲಿಸಲಿಲ್ಲ. "ಇವರನ್ನು ಪರದೆಯ ಹಿಂದೆ ನಿಲ್ಲಿಸುವ ತೀರ್ಮಾನ ಯಾರದಾಗಿತ್ತು?"

ಅವರು ರಂಗದತ್ತ ನೋಡಿದರು, ನನ್ನತ್ತ ನೋಡಿದರು. "ನನ್ನದು," ಎಂದರು. "ತಪ್ಪು ತೀರ್ಮಾನ. ಅವರು ಇಲ್ಲೇ ನಿಲ್ಲುತ್ತಾರೆ."

ಆ ಮಾತುಗಳನ್ನು ರಂಗದ ಮೇಲೆ ನಿಂತಿದ್ದ ಎಲ್ಲರೂ ಕೇಳಿಸಿಕೊಂಡರು. ಅಲಿಸ್ಟರ್ ಅವರನ್ನು ಕುಗ್ಗಿಸಲು ಇದನ್ನು ಬರೆಯುತ್ತಿಲ್ಲ. 'ನನ್ನದು' ಎಂದು ಹೇಳಿದ ಗಳಿಗೆಯಲ್ಲಿ ಅವರು ನನ್ನ ಕಣ್ಣಿಗೆ ದೊಡ್ಡವರಾದರು. ಹೊಣೆ ಹೊತ್ತವರನ್ನು ಗೌರವಿಸುವುದು ನನಗೆ ಕಷ್ಟವಲ್ಲ. ನಾನು ಬಿಡದೆ ಎರಡನೆಯ ಬೇಡಿಕೆ ಇಟ್ಟೆ: ಪೋಸ್ಟರಿನಲ್ಲಿ 'ಸ್ಥಳೀಯ ಧ್ವನಿಗಳು' ಎಂಬ ಸಾಲು ಹೋಗಬೇಕು, ಹಾಡುವ ಒಬ್ಬೊಬ್ಬರ ಹೆಸರೂ ಬರಬೇಕು. ಗೆರ್ಡಾ ಸೇರಿಸಿದರು: "ನನ್ನ ಹೆಸರಿನ ಅಕ್ಷರದಷ್ಟೇ ದೊಡ್ಡದಾಗಿ." ಪೋಸ್ಟರ್ ಬಂದಾಗ ಅದರಲ್ಲಿ ಚಿತ್ರಕ್ಕೆ ಜಾಗವೇ ಉಳಿದಿರಲಿಲ್ಲ. ಲವೀನಾ ಬಾಯಿ ಅದರ ಒಂದು ಪ್ರತಿಯನ್ನು ಸರ್ಜರಿಯಲ್ಲಿ, ಫ್ಲೂ ಲಸಿಕೆಯ ಸೂಚನೆಯ ಮೇಲೆಯೇ ಅಂಟಿಸಿದರು.

ಮೊದಲ ಪ್ರದರ್ಶನದ ಸಂಜೆ ಗೋದಾಮಿನ ಆ ಕಟ್ಟಡಕ್ಕೆ ಇಲ್ಫರ್ಡ್‌ನ ಅರ್ಧ ಬೀದಿ ಬಂದಿತ್ತು. ಸೌತ್‌ಹಾಲ್‌ನಿಂದ ಹೂ ತರಿಸಿದ್ದರು, ಮುಡಿಯಲು ಕ್ಲಿಪ್ಪಿಗಾಗಿ ಹುಡುಕಾಟ ನಡೆದಿತ್ತು. ಗೆರ್ಡಾಗೆ ಗೌರವದ ಆಸನವನ್ನು ಮಧ್ಯದಲ್ಲಿಟ್ಟಿದ್ದರೆ ಅವರು ಒಪ್ಪದೆ, ಮೊದಲ ಸಾಲಿನ ತುದಿಯ, ಯಾರಿಗೂ ಬೇಡವಾದ ಕುರ್ಚಿ ಹಿಡಿದು ಕೂತರು. ಅಲ್ಲಿಂದ ರಂಗದ ಹಲಗೆ ಸರಿಯಾಗಿ ಕಣ್ಣಿನ ಮಟ್ಟಕ್ಕಿತ್ತು. ಮೂರನೆಯ ಅಂಕ ಮುಗಿದು ಕೊನೆಯ 'ಹೆಂಚು' ಸಾಲಿನ ತುದಿ ಮುಟ್ಟಿದಾಗ ಸಭೆ ಎದ್ದು ನಿಂತ ಸದ್ದನ್ನು ನಾನು ಈಗಲೂ ಬೇಕೆಂದಾಗ ಕೇಳಿಸಿಕೊಳ್ಳಬಲ್ಲೆ. ಒಳಗೆ ಬಂದ ಲವೀನಾ ಬಾಯಿಯನ್ನು ಅವರ ಮಗಳು ತಬ್ಬಿಕೊಂಡು ಇಂಗ್ಲಿಷಿನಲ್ಲಿ, "ಅಮ್ಮಾ, ಎಷ್ಟು ಜೋರು ನಿಮ್ಮ ಧ್ವನಿ!" ಎಂದಳು. "ಮತ್ತೆ? ನನ್ನಜ್ಜಿಗೆ ಕೇಳಬೇಕಲ್ಲ," ಎಂದರು ಬಾಯಿ.

ಗೆರ್ಡಾ ಬಂದು ಯಾರ ಹಾಡನ್ನೂ ಹೊಗಳಲಿಲ್ಲ. ಒಂದೇ ಮಾತು ಹೇಳಿದರು: "ಇಡೀ ಸಾಲಿನಲ್ಲಿ ಹೆದರಿದ ಒಂದು ಪಾದವೂ ಇರಲಿಲ್ಲ."

ಕಳೆದ ಭಾನುವಾರ ನನ್ನನ್ನು ಮತ್ತೆ ಈ ಹಾಲಿಗೆ ಕರೆಸಿದ್ದೂ ಗೆರ್ಡಾರೇ. ನದಿದಂಡೆಯ ಆ ಊರಿನ ರಂಗಮಂದಿರ, ಅವರ ತಾಯಿ ಗೂಡಿನಲ್ಲಿ ಕೂತಿದ್ದ ಅದೇ ರಂಗಮಂದಿರ, ನಮ್ಮ ಹೆಂಚಿನ ಒಪೆರಾವನ್ನು ಆಡಿಸಲಿದೆ. ಪೋಸ್ಟರ್ ಆಗಲೇ ಸಿದ್ಧವಾಗಿದೆ, ಗೆರ್ಡಾರ ಹೆಸರು ಎಲ್ಲಕ್ಕಿಂತ ಮೇಲಿದೆ. ಅಲ್ಲಿನ ಮೇಳಕ್ಕೆ ತಾಳ ಕಲಿಸಲು ಹೋಗುತ್ತಿರುವವರು ಲವೀನಾ ಬಾಯಿ. ನಾನು ಒಳಗೆ ಹೋದಾಗ ಅವರು ಹೊಸ ಸೂಟ್‌ಕೇಸಿನ ಮೇಲೆ ಕೂತು, ಮಂಜುನಾಥರನ್ನು ಜರ್ಮನ್ ಹಾಡುಗಾರನನ್ನಾಗಿ ಎದುರಿಗೆ ಕೂರಿಸಿಕೊಂಡು, "ಡೇರ್ ಕ್ಲೈನೆ ಫಿಂಗರ್! ಕಿರುಬೆರಳು ಅಂದೆನಲ್ಲ, ಕಿವಿ ಕೇಳುವುದಿಲ್ವಾ?" ಎಂದು ಗದರಿಸುತ್ತಿದ್ದರು. ರೇಡಿಯೇಟರಿಗೆ ಬೆನ್ನು ಕೊಟ್ಟು ಗೆರ್ಡಾ ನಗುತ್ತಿದ್ದರು. ಅವರ ಕೈ ತೊಡೆಯ ಮೇಲೆ ತಾನಾಗಿ ತಾಳ ಹಾಕುತ್ತಿತ್ತು, ಹೆಬ್ಬೆರಳಿನಿಂದಲೇ.

ಆ ಊರಿನವರು ಒಂದು ಪ್ರಶ್ನೆ ಕಳಿಸಿದ್ದಾರೆ ಎಂದು ಗೆರ್ಡಾ ನನಗೆ ಫೋನ್ ತೋರಿಸಿದರು. ತಮ್ಮಲ್ಲಿ ಒಳ್ಳೆಯ ನಗಾರಿಯಿದೆ, ಒಳ್ಳೆಯ ವಾದಕನಿದ್ದಾನೆ. ಮೂರನೆಯ ಅಂಕದಲ್ಲಿ ನಗಾರಿ ಬೇಡವೆಂದು ತೀರ್ಮಾನಿಸಿದವರು ಯಾರು ಎಂದು ತಿಳಿಯಬಹುದೇ?

ನಾನು ಅದನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದಿದೆ. ಲವೀನಾ ಬಾಯಿ ಸೂಟ್‌ಕೇಸಿನಿಂದ ಏಳದೆಯೇ, ಎರಡು ಬಾಗಿಲಿನಾಚೆಗೂ ಕೇಳಿಸುವ ಆ ಗಂಟಲಿನಲ್ಲಿ ಹೇಳಿದರು:

"ನಾವು ಅಂತ ಬರಿ ಮಾರಾಯ್ತಿ. ಹೆಸರು ಬೇಕಂತಾದ್ರೆ ಮೊದಲು ನನ್ನದು ಹಾಕು."